ಶೆಡ್ಡಿನ ತುಂಬ ದೂಳು, ಟೀಕ್ ಮೇಜಿಗೆ ನಯವಾದ ಪಾಲಿಶ್ ಬರಿಸೋದು ಹೇಗೆ?

ನಾಪೋಕ್ಲು_ಮರಗೆಲಸ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ನಾಪೋಕ್ಲು ಹತ್ತಿರ ಕಾಫಿ ತೋಟ. ಮನೆ ಹಿಂದೆ ಮೊದಲು ಸೌದೆ, ಗೊಬ್ಬರದ ಚೀಲ ಇಡುತ್ತಿದ್ದ ಒಂದು ಶೆಡ್ ಇದೆ. ಬಿಡುವಾದಾಗ ಅಲ್ಲಿ ಮರಗೆಲಸ ಮಾಡುತ್ತೇನೆ. ಮೇಲೆ ತಗಡಿನ ಶೀಟು, ಎರಡು ಕಡೆ ಅರ್ಧ ಗೋಡೆ, ಅದರ ಮೇಲೆ ಜಾಲರಿ. ಮರ ಕೊಯ್ಯುವುದು, ರಂದ ಹೊಡೆಯುವುದು, ಉಜ್ಜುವುದು ಎಲ್ಲ ಅಲ್ಲೇ. ಪಾಲಿಶ್ ಕೂಡ ಅಲ್ಲೇ. ಬೇರೆ ಜಾಗ ಇಲ್ಲ.

ಅಕ್ಕನ ಹೊಸ ಮನೆ ಒಕ್ಕಲು ಏಪ್ರಿಲ್ ಕೊನೆಗೆ. ಅದಕ್ಕೆ ಆರು ಜನ ಕೂತು ಊಟ ಮಾಡುವಂಥ ಮೇಜು ಮಾಡುತ್ತಿದ್ದೇನೆ. ನಮ್ಮ ಹಳೆ ಮನೆ ಬಿಚ್ಚಿದಾಗ ಸಿಕ್ಕ ಟೀಕ್ ತೊಲೆಗಳನ್ನು ಕೊಯ್ಯಿಸಿದ ಹಲಗೆ, ಚೆನ್ನಾಗಿ ಒಣಗಿದೆ. ಜೋಡಣೆ ಮುಗಿದಿದೆ. ತೊಂದರೆ ಇರುವುದು ವಾರ್ನಿಷ್‌ನಲ್ಲಿ. ಅಂಗಡಿಯಲ್ಲಿ ಸಿಗುವ ಒಂದೇ ಡಬ್ಬಿಯ ಪಿಯು (ಪಾಲಿಯುರೆಥೇನ್) ವಾರ್ನಿಷ್ ತಂದು ಬ್ರಷ್‌ನಲ್ಲಿ ಹಚ್ಚಿದೆ. ಹಚ್ಚಿದಾಗ ಲಕಲಕ ಹೊಳೆಯುತ್ತಿತ್ತು. ಮರುದಿನ ಬೆಳಿಗ್ಗೆ ಕೈಯಾಡಿಸಿದರೆ ಹಲಗೆಯೆಲ್ಲ ತರಿತರಿ. ಬೆಳಕಿಗೆ ಓರೆಯಾಗಿ ನೋಡಿದರೆ ಸಣ್ಣ ಸಣ್ಣ ಉಬ್ಬು. ಒಂದೆರಡು ಕಡೆ ಹುಳ ಕೂಡ ಅಂಟಿಕೊಂಡಿದೆ. 320 ನಂಬರಿನ ಉಜ್ಜುವ ಪೇಪರ್‌ನಲ್ಲಿ ಉಜ್ಜಿ ಮತ್ತೊಂದು ಕೋಟ್ ಕೊಟ್ಟೆ. ಅದೇ ಕಥೆ.

ಹಚ್ಚುವ ಮೊದಲು ಶೆಡ್ ಗುಡಿಸುತ್ತೇನೆ, ನೆಲಕ್ಕೆ ನೀರು ಚಿಮುಕಿಸುತ್ತೇನೆ, ಬ್ಲೋವರ್‌ನಲ್ಲಿ ಮೇಜು ಊದಿಯೇ ಬ್ರಷ್ ಹಿಡಿಯುತ್ತೇನೆ. ಈಗ ಕಾಫಿ ಕೊಯ್ಲು ಬೇರೆ ನಡೆಯುತ್ತಿದೆ. ಕಾಫಿ ಒಣಗಿಸುವ ಕಣ ಶೆಡ್ಡಿನ ಪಕ್ಕದಲ್ಲೇ. ಹಗಲೆಲ್ಲ ಕಾಫಿ ತಿರುವುತ್ತಾರೆ, ಜೀಪ್ ಓಡಾಡುತ್ತದೆ, ಕೆಂಪು ದೂಳು ಏಳುತ್ತದೆ. ಮಳೆಗಾಲದಲ್ಲಿ ಆ ದೂಳು ಇರುವುದಿಲ್ಲ, ಆದರೆ ಆಗ ಏನು ಹಚ್ಚಿದರೂ ಒಣಗುವುದಿಲ್ಲ. ಪಾಲಿಶ್‌ಗೆ ಅಂತಲೇ ರೂಮ್ ಕಟ್ಟಿಸುವಷ್ಟು ದುಡ್ಡಿಲ್ಲ. ಇದೇ ಶೆಡ್ಡಿನಲ್ಲಿ ಆಗುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಕುಶಾಲನಗರ_ಸೈಟ್‌ಕೆಲಸ:

ಬ್ರದರ್, ಬ್ರಷ್ ಬಿಟ್ಟುಬಿಡಿ. ಕಂಪ್ರೆಸರ್, ಸ್ಪ್ರೇ ಗನ್ ಬಾಡಿಗೆಗೆ ತನ್ನಿ. ಸೀಲರ್ ಎರಡು ಕೋಟ್, ಅದರ ಮೇಲೆ ಹಾರ್ಡ್‌ನರ್ ಬೆರೆಸುವ ಪಿಯು, ಹೊಳಪಿಲ್ಲದ ಮ್ಯಾಟ್ ತಗೊಳ್ಳಿ. ಮ್ಯಾಟ್‌ನಲ್ಲಿ ತರಿ ಅಷ್ಟು ಎದ್ದು ಕಾಣಲ್ಲ. ಬೇಗ ಒಣಗುತ್ತೆ ಕೂಡ. ನಾವು ಸೈಟಲ್ಲಿ ಹಾಗೇ ಮಾಡೋದು. ಆಗಲ್ಲ ಅಂದ್ರೆ ಮೇಲಿನ ಹಲಗೆ ಮಾತ್ರ ಬಿಚ್ಚಿ ಪಾಲಿಶ್ ಅಂಗಡಿಗೆ ಕಳಿಸಿ.

ಹಳೇ_ಬೀಟೆ (ಪೊನ್ನಂಪೇಟೆ):

ಕುಶಾಲನಗರದವರು ಹೇಳಿದ್ದು ಸೈಟಿಗೆ ಸರಿ, ಅವರಿಗೆ ಗನ್‌ನಲ್ಲಿ ಕೈ ಕುದುರಿದೆ. ಆದರೆ ಅರ್ಧ ಗೋಡೆಯ ಶೆಡ್ಡಿನಲ್ಲಿ ಗನ್ ಬಿಟ್ಟರೆ ಆ ಗಾಳಿಯೇ ಮೂಲೆಮೂಲೆಯ ಹುಡಿ ಎಬ್ಬಿಸುತ್ತದೆ. ಜೊತೆಗೆ ಆ ಪಿಯುವಿನ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಗನ್‌ನಿಂದ ಬರುವ ಮಂಜು ಉಸಿರಿಗೆ ಹೋದರೆ ಆಸ್ತಮಾ ಹಿಡಿಯಬಹುದು. ಮೂಗಿಗೆ ಟವೆಲ್ ಕಟ್ಟಿದರೆ ಅದು ನಿಲ್ಲುವುದಿಲ್ಲ. ಮನೆ ಹಿಂದೆ, ಪಕ್ಕದ ಕಣದಲ್ಲಿ ಜನ ಕೆಲಸ ಮಾಡುವ ಜಾಗದಲ್ಲಿ ಅದು ಬೇಡ ಅನ್ನುವುದು ನನ್ನ ಮಾತು.

ಹಳೆ ಬೀಟೆ ಕುರ್ಚಿ, ತೇಗದ ಪೆಟ್ಟಿಗೆ ರಿಪೇರಿ ಮಾಡಿ ಪಾಲಿಶ್ ಮಾಡುವುದೇ ನನ್ನ ಕೆಲಸ. ನನ್ನದೂ ಇಂಥದ್ದೇ ಶೆಡ್, ಒಂದು ಬದಿಯಲ್ಲಿ ರಸ್ತೆ. ಹಾಗಾಗಿ ಹೇಳುತ್ತೇನೆ, ದೂಳನ್ನು ಪೂರ್ತಿ ಓಡಿಸಲು ಹೋಗಬೇಡಿ, ಅದು ಆಗುವ ಮಾತಲ್ಲ. ದೂಳು ಬಂದು ಕೂರುವುದರೊಳಗೆ ಆರಿಬಿಡುವ ಪಾಲಿಶ್ ಆರಿಸಿಕೊಳ್ಳಿ. ಬ್ರಷ್‌ನಲ್ಲಿ ದಪ್ಪವಾಗಿ ಹಚ್ಚಿದ ವಾರ್ನಿಷ್ ಗಂಟೆಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಅಷ್ಟು ಹೊತ್ತು ಯಾವ ಶೆಡ್ಡನ್ನೂ ಕಾಯಲು ಆಗುವುದಿಲ್ಲ.

ಕೈಗೆ ಸಿಗುವ ಆ ತರಿ ಎಲ್ಲಿಂದ ಬರುತ್ತದೆ ನೋಡೋಣ. ತೀರಾ ಸಣ್ಣ ದೂಳು, ಅಂದರೆ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಕಣ, ಗಾಳಿ ಅಲುಗದಿದ್ದರೂ 2 ಮೀಟರ್ ಎತ್ತರದಿಂದ ಕೆಳಗೆ ಬಂದು ಕೂರಲು ಅರ್ಧ ದಿನಕ್ಕಿಂತ ಜಾಸ್ತಿ ತಗೊಳ್ಳುತ್ತದೆ. ಅದು ವಾರ್ನಿಷ್ ಮೇಲೆ ಬಿದ್ದರೂ ಬೆರಳಿಗೆ ಗೊತ್ತಾಗುವುದಿಲ್ಲ. 10 ಮೈಕ್ರಾನ್ ಕಣ ಹತ್ತು ಹನ್ನೆರಡು ನಿಮಿಷದಲ್ಲಿ ಕೂತುಬಿಡುತ್ತದೆ. ನಿಮ್ಮ ಬೆರಳಿಗೆ ತಾಗುವುದು ಅದಕ್ಕಿಂತಲೂ ದಪ್ಪದ್ದು, ಅದು ಇನ್ನೂ ಬೇಗ ಬೀಳುತ್ತದೆ. ಹಾಗಾದರೆ ಶೆಡ್ಡನ್ನು ಒಂದು ಗಂಟೆ ಸುಮ್ನೆ ಬಿಟ್ಟರೆ ಸಾಕಲ್ವಾ? ಸಾಕು. ಆದರೆ ಆಮೇಲೆ ಒಳಗೆ ಹೋಗಿ ಅದನ್ನು ಎಬ್ಬಿಸುವವರು ನಾವೇ. ಗುಡಿಸಿ ತಕ್ಷಣ ಹಚ್ಚುವುದು, ಫ್ಯಾನ್ ಹಾಕುವುದು, ಉಜ್ಜುವಾಗ ಹಾಕಿದ್ದ ಅಂಗಿಯಲ್ಲೇ ಮೇಜಿನ ಮೇಲೆ ಬಗ್ಗುವುದು. ನಿಮ್ಮ ಬ್ಲೋವರ್ ಅಂತೂ ಶೆಡ್ಡಿನೊಳಗೆ ಬೇಡವೇ ಬೇಡ. ಊದುವುದಿದ್ದರೆ ಹಲಗೆಯನ್ನು ಅಂಗಳಕ್ಕೆ ಒಯ್ದು ಊದಿ.

ಇನ್ನು ಬ್ರಷ್ ಮತ್ತು ಡಬ್ಬಿ. ತರಿಯಲ್ಲಿ ಎಷ್ಟೋ ಪಾಲು ಅಲ್ಲಿಂದಲೇ ಬರುತ್ತದೆ, ಜನ ಅದನ್ನೂ ದೂಳಿನ ಲೆಕ್ಕಕ್ಕೆ ಸೇರಿಸುತ್ತಾರೆ. ಡಬ್ಬಿಯ ಬಾಯಿ ಸುತ್ತ ಒಣಗಿದ ವಾರ್ನಿಷ್ ಚೂರು, ಬ್ರಷ್‌ನ ಬುಡದಲ್ಲಿ ಗಟ್ಟಿಯಾದ ಹಳೆ ವಾರ್ನಿಷ್. ಬ್ರಷ್ಷನ್ನು ಯಾವತ್ತೂ ಡಬ್ಬಿಗೇ ಅದ್ದಬೇಡಿ. ಬೇಕಾದಷ್ಟನ್ನು ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ ಸ್ಟೀಲ್ ಬಟ್ಟಲಿಗೆ ಹಾಕಿಕೊಳ್ಳಿ. ಉಳಿದದ್ದನ್ನು ಡಬ್ಬಿಗೆ ವಾಪಸ್ ಸುರಿಯಬೇಡಿ.

ತಗಡಿನ ಮಾಡಿನ ವಿಷಯ ಬೇರೆಯೇ ಇದೆ. ಬಿಸಿಲೇರಿದ ಹಾಗೆ ಶೀಟು ಹಿಗ್ಗಿ ಟಕ್ ಟಕ್ ಅನ್ನುತ್ತದಲ್ಲ, ಆಗ ಶೀಟಿನ ಅಡಿಯ ರೀಪರ್ ಪಟ್ಟಿಗಳ ಮೇಲೆ ಕೂತ ದೂಳು, ಜೇಡರ ಬಲೆ ಎಲ್ಲ ಉದುರುತ್ತದೆ. ನೆಲಕ್ಕೆ ನೀರು ಹಾಕಿ ಏನು ಮಾಡುವುದು, ಬೀಳುತ್ತಿರುವುದು ಮೇಲಿನಿಂದ. ಹಾಗಾಗಿ ಶುಚಿ ಮಾಡುವುದನ್ನು ಮಾಡಿನಿಂದ ಶುರು ಮಾಡಿ. ಆಮೇಲೆ ಒಂದು ಹೊಸ ಟಾರ್ಪಲ್ ತಂದು ಮೇಜಿನ ಮೇಲೆ ಚಪ್ಪರ ಕಟ್ಟಿ. ಕಣದ ಕಡೆಯ ಜಾಲರಿಗೆ ಒಗೆದ ಹಳೆ ಬೆಡ್‌ಶೀಟ್ ಇಳಿಬಿಡಿ.

ಉಜ್ಜುವ ಕೆಲಸ ಹಿಂದಿನ ದಿನವೇ ಮುಗಿಯಲಿ. ಬರೀ ಮರಕ್ಕೆ 120, 180, 220 ಸಾಕು. ತೇಗಕ್ಕೆ ಅದರಾಚೆ ಹೋಗಿ ಲಾಭ ಇಲ್ಲ. ಎಳೆಗಳೊಳಗಿನ ಹುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದು ತೆಗೆಯಿರಿ. ಹಚ್ಚುವ ಹೊತ್ತಿಗೆ ಒಗೆದ ಅಂಗಿ ಹಾಕಿ, ತಲೆಗೆ ಬಟ್ಟೆ ಕಟ್ಟಿ, ಟರ್ಪೆಂಟೈನ್‌ನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಕಾಟನ್ ಬಟ್ಟೆಯಿಂದ ಒರೆಸಿ. ಆಮೇಲೆ ಟಾರ್ಚನ್ನು ಹಲಗೆಗೆ ತಾಗುವಷ್ಟು ತಗ್ಗಿಸಿ ಅಡ್ಡಲಾಗಿ ಬೆಳಕು ಬಿಡಿ. ಮೇಲಿನ ಬಲ್ಬಿನ ಬೆಳಕಲ್ಲಿ ಶುಚಿಯಾಗಿ ಕಂಡ ಹಲಗೆಯಲ್ಲಿ ಒಂದೊಂದು ಕಣದ ನೆರಳೂ ಎದ್ದು ಕಾಣುತ್ತದೆ.

ಪಾಲಿಶ್‌ಗೆ ಎರಡು ದಾರಿ.

ಒಂದು, ಅರಗಿನ ಸ್ಪಿರಿಟ್ ಪಾಲಿಶ್. ನಮ್ಮ ಕಡೆ ಹಳೆ ಮನೆಗಳ ಬೀಟೆ ಸಾಮಾನಿಗೆಲ್ಲ ಇದನ್ನೇ ಮಾಡುತ್ತಿದ್ದದ್ದು. ತೆಳು ಕೋಟ್ ಕೆಲವೇ ನಿಮಿಷದಲ್ಲಿ ಆರುತ್ತದೆ, ದೂಳಿಗೆ ಅಂಟಿಕೊಳ್ಳುವ ಅವಕಾಶವೇ ಸಿಗುವುದಿಲ್ಲ. ಚನ್ನಪಟ್ಟಣದ ಗೊಂಬೆ ಕೆಲಸದವರು ಇದೇ ಅರಗನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅದು ಕರಗಿ ಮರ ಹಿಡಿಯುತ್ತದೆ, ಹುಡಿ ಹಾರುವ ಜಾಗದಲ್ಲೇ ಗಾಜಿನ ನಯ ಬರುತ್ತದೆ. ನಮಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ್ದು ಸಾಕು. 1 ಲೀಟರ್ ಸ್ಪಿರಿಟ್ಟಿಗೆ 120 ಗ್ರಾಂ ಅರಗಿನ ಚಕ್ಕೆ, ಗಾಜಿನ ಭರಣಿಯಲ್ಲಿ ರಾತ್ರಿಯಿಡೀ ನೆನೆಯಲಿ. ಕಬ್ಬಿಣದ ಡಬ್ಬಿ ಬೇಡ, ಕಪ್ಪಾಗುತ್ತದೆ. ಹಾಗೇ ಅಲುಗಿಸದೆ ಬಿಟ್ಟರೆ ಮೇಣದ ಅಂಶ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ.

ಹಚ್ಚುವುದಕ್ಕೆ ಬ್ರಷ್ ಬೇಡ. ನಿಂಬೆಹಣ್ಣಿನ ಗಾತ್ರದ ಹತ್ತಿ, ಅದರ ಸುತ್ತ ಒಗೆದು ಒಗೆದು ಮೆತ್ತಗಾದ ಕಾಟನ್ ಬಟ್ಟೆ, ತಳದಲ್ಲಿ ಒಂದು ಸುಕ್ಕೂ ಇರಬಾರದು. ಪಾಲಿಶನ್ನು ಒಳಗಿನ ಹತ್ತಿಗೆ ಹಾಕಿ. ಹೆಬ್ಬೆರಳಿಂದ ಒತ್ತಿದರೆ ಬಟ್ಟೆ ಒದ್ದೆಯಾಗಬೇಕು, ಹನಿ ಬೀಳಬಾರದು. ಒಂದು ಅಂಚಿನ ಹೊರಗಿನಿಂದ ಉಂಡೆಯನ್ನು ಇಳಿಸಿ, ಎಳೆಯ ಉದ್ದಕ್ಕೆ ನೇರ ಎಳೆದು, ಆಚೆ ಅಂಚು ದಾಟಿದ ಮೇಲೆ ಎತ್ತಿ. ಸರಿಯಾಗಿ ಹೋಗುತ್ತಿದ್ದರೆ ಉಂಡೆಯ ಹಿಂದೆ ಮಬ್ಬು ಪಟ್ಟಿಯೊಂದು ಮೂಡಿ ಕ್ಷಣದಲ್ಲಿ ಮಾಯವಾಗುತ್ತದೆ. ಅದು ಸ್ಪಿರಿಟ್ ಆರುತ್ತಿರುವ ಗುರುತು. ಹಲಗೆಯ ನಡುವೆ ಕೈ ನಿಲ್ಲಿಸಬೇಡಿ. ನಿಂತ ಕಡೆ ಕೆಳಗಿನ ಕೋಟ್ ಕರಗಿ ಕಲೆ ಉಳಿಯುತ್ತದೆ.

ಇನ್ನೊಂದು ದಾರಿ, ನಿಮ್ಮದೇ ವಾರ್ನಿಷ್‌ಗೆ ಸಮಪಾಲು ಟರ್ಪೆಂಟೈನ್ ಬೆರೆಸಿ ಬಟ್ಟೆಯಲ್ಲಿ ಒರೆಸಿ ಹಚ್ಚುವುದು. ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿದ ಮೇಲೆ ಉಳಿಯುವ ತೇವದಷ್ಟು ತೆಳುವಾಗಿರಲಿ. ಬ್ರಷ್‌ನ ಒಂದು ಕೋಟ್‌ನಷ್ಟು ದಪ್ಪ ಬರಲು ಇದರಲ್ಲಿ ಮೂರು ಕೋಟ್ ಬೇಕಾದೀತು. ಕೆಲಸ ಜಾಸ್ತಿ, ಒಪ್ಪುತ್ತೇನೆ. ಆದರೆ ಪದರ ತೆಳು ಇದ್ದಷ್ಟೂ ಅಂಟುವ ಹೊತ್ತು ಕಡಿಮೆ, ಮುಳುಗಿ ಕೂರಲು ದೂಳಿಗೆ ಆಳವೂ ಇಲ್ಲ. ಬಿದ್ದ ಒಂದೆರಡು ಕಣವನ್ನು ಮರುದಿನ 400ರಲ್ಲಿ ಮೆಲ್ಲಗೆ ಸವರಿದರೆ ಹೋಗುತ್ತದೆ.

ಹೊತ್ತು ನೋಡಿಕೊಳ್ಳಿ. ಜನವರಿಯಲ್ಲಿ ನಮ್ಮಲ್ಲಿ ಬೆಳಿಗ್ಗೆ ಮಂಜು ಬಿಡುವವರೆಗೆ ಮರವೂ ತಣ್ಣಗೆ ತೇವ ಹಿಡಿದಿರುತ್ತದೆ. ಸಂಜೆ ಬಲ್ಬ್ ಹಾಕಿದರೆ ಹುಳ ಬರುತ್ತದೆ. ಕಣದಲ್ಲಿ ಊಟದ ಬಿಡುವು ಇರುತ್ತದಲ್ಲ, ಕಾಫಿ ತಿರುವುವವರೂ ಇಲ್ಲ, ಜೀಪೂ ಇಲ್ಲ. ಆ ಹೊತ್ತು ನಿಮ್ಮದು. ತೆಳು ಕೋಟ್‌ಗೆ ಅಷ್ಟು ಸಾಕು.

ನಾಪೋಕ್ಲು_ಮರಗೆಲಸ:

ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಊಟದ ಬಿಡುವಿನ ಮಾತು ನನಗೆ ಹೊಳೆದೇ ಇರಲಿಲ್ಲ. ಇನ್ನೂ ಕೆಲವು ಕೇಳುವುದಿದೆ. ಮೇಲಿನ ಹಲಗೆಯಲ್ಲಿ ಈಗಾಗಲೇ ಎರಡು ಕೋಟ್ ವಾರ್ನಿಷ್ ಇದೆ, ಪೂರ್ತಿ ಕೆರೆದು ತೆಗೆಯಬೇಕಾ? ಕಾಲುಗಳು ಇನ್ನೂ ಬರೀ ಮರ. ಮತ್ತೆ ಇದು ಊಟದ ಮೇಜು. ಬಿಸಿ ಬಿಸಿ ಕಡಂಬುಟ್ಟು, ಪಂದಿಕರಿ ಪಾತ್ರೆ ಮೇಲೆಯೇ ಇಡುತ್ತಾರೆ. ಗ್ಲಾಸೂ ಇಡುತ್ತಾರೆ. ಅರಗಿನ ಪಾಲಿಶ್ ತಡೆಯುತ್ತಾ?

ಹಳೇ_ಬೀಟೆ (ಪೊನ್ನಂಪೇಟೆ):

ತಡೆಯುವುದಿಲ್ಲ. ಅರಗು ಸುಮಾರು 75 ಡಿಗ್ರಿ ಬಿಸಿಗೇ ಮೆತ್ತಗಾಗುತ್ತದೆ. ಬಿಸಿ ಪಾತ್ರೆ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ. ಬ್ರಾಂಡಿ ಚೆಲ್ಲಿದರೆ ಪಾಲಿಶೇ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗಿದ್ದೇ ತಾನೇ ಅದು. ಹಾಗಾಗಿ ಮೇಲಿನ ಹಲಗೆಗೆ ಒರೆಸಿ ಹಚ್ಚುವ ವಾರ್ನಿಷ್ಷೇ ಆಗಬೇಕು. ಆಮೇಲೂ ಬಿಸಿ ಪಾತ್ರೆಯ ಅಡಿಗೆ ಏನಾದರೂ ಇಡಲು ಅಕ್ಕನಿಗೆ ಹೇಳಿ.

ಇರುವ ಎರಡು ಕೋಟ್ ಕೆರೆಯಬೇಡಿ. ಉಗುರು ಒತ್ತಿ ನೋಡಿ. ಅಚ್ಚು ಬೀಳದಿದ್ದರೆ ಅದು ಗಟ್ಟಿಯಾಗಿದೆ, ಒಳ್ಳೆಯ ತಳವೇ ಆಯಿತು. 320 ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿ. ಬೆರಳಿಗೆ ಸುತ್ತಿ ಉಜ್ಜಿದರೆ ತರಿಯ ಸುತ್ತ ಗುಳಿ ಬೀಳುತ್ತದೆ. ಮಿಣಮಿಣ ಹೊಳಪೆಲ್ಲ ಹೋಗಿ ಒಂದೇ ಸಮ ಮಬ್ಬಾಗುವವರೆಗೆ ಉಜ್ಜಿ. ಹೊಳೆಯುವ ಚುಕ್ಕೆ ಉಳಿದಿದೆ ಅಂದರೆ ಅಲ್ಲಿ ತಗ್ಗು ಇದೆ ಎಂದರ್ಥ. ಅಂಚುಗಳ ಹತ್ತಿರ ಕೈ ಹಗುರ ಇರಲಿ, ಅಲ್ಲಿ ಬೇಗ ಮರ ಕಾಣಿಸಿಬಿಡುತ್ತದೆ.

ಕಾಲಿಗೆ ಮೊದಲು ಅರಗಿನ ತಿಳಿ ಒಂದೆರಡು ಕೋಟ್, ಮೇಲೆ ಅದೇ ವಾರ್ನಿಷ್ ಒರೆಸಿ. ಹಳೆ ತೊಲೆಯಾದರೂ ಕೊಯ್ದ ಮೇಲೆ ತೇಗದ ಎಣ್ಣೆ ಮೇಲೆ ಬರುತ್ತದೆ, ಅದು ವಾರ್ನಿಷ್ ಒಣಗುವುದನ್ನು ತಡ ಮಾಡುತ್ತದೆ. ಬೀಟೆಯಲ್ಲಿ ಇದು ಇನ್ನೂ ಜಾಸ್ತಿ, ವಾರವಾದರೂ ಅಂಟು ಹೋಗದಿರುವುದುಂಟು. ನಡುವೆ ಅರಗಿನ ಪದರ ಇದ್ದರೆ ಆ ಕಾಟ ಇಲ್ಲ. ಆದರೆ ಮೇಣ ತೆಗೆದ ತಿಳಿಯೇ ಆಗಬೇಕು. ಮೇಣ ಉಳಿದರೆ ಪಿಯು ಸರಿಯಾಗಿ ಹಿಡಿಯದೆ ಆಮೇಲೆ ಸಿಪ್ಪೆ ಏಳುತ್ತದೆ.

ಕೊನೆ ಕೋಟ್ ಆದ ಮೇಲೆ ಆತುರ ಬೇಡ. ಎರಡು ಮೂರು ವಾರ ಬಿಡಿ. ಹಲಗೆಗೆ ಮೂಗು ತಾಗಿಸಿದರೆ ವಾಸನೆ ಬರುತ್ತಿದ್ದರೆ ಒಳಗೆ ಇನ್ನೂ ಒಣಗುತ್ತಿದೆ. ವಾಸನೆ ಹೋದ ಮೇಲೆ 1000 ವಾಟರ್ ಪೇಪರ್, ಸೋಪಿನ ನೀರು, ಕೈ ಭಾರ ಹಾಕದೆ ಎಳೆಯ ಉದ್ದಕ್ಕೆ ಒಂದೆರಡು ಸಲ. ಬೆಳ್ಳಗೆ ಹಾಲಿನಂಥ ನೀರು ಏಳುತ್ತದೆ, ಆಗಾಗ ಒರೆಸಿ ನೋಡುತ್ತಿರಿ. ಉಳಿದ ತರಿಯೆಲ್ಲ ಅದರಲ್ಲಿ ಹೋಗುತ್ತದೆ. ಮೇಲೆ ಜೇನುಮೇಣ. ನಿಮ್ಮ ಕಡೆ ಜೇನು ಸಾಕುವವರು ಇರುತ್ತಾರೆ, ಕೇಳಿ. ಒಂದು ಪಾಲು ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದು ಮೂರು ಪಾಲು ಟರ್ಪೆಂಟೈನ್ ಬೆರೆಸಿ. ಆರಿದ ಮೇಲೆ ಬೆಣ್ಣೆಯಷ್ಟು ಮೆತ್ತಗಿರಬೇಕು. ತೆಳುವಾಗಿ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣ ಬಟ್ಟೆಯಲ್ಲಿ ಉಜ್ಜಿ. ಅಂಗಡಿ ಪಿಯುವಿನ ಪ್ಲಾಸ್ಟಿಕ್ ಮಿನುಗು ಹೋಗಿ ಮರದ ಹೊಳಪು ಬರುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟದ ಗಳಿಗೆ ಅದು.

ಅಂಗಳದ_ಬೆಂಚು (ಸೋಮವಾರಪೇಟೆ):

ಹಳೇ ಬೀಟೆ ಅಣ್ಣ ಹೇಳಿದ್ದೆಲ್ಲ ಸರಿ. ನಾನು ಹಳೆ ಕಿಟಕಿ, ಬಾಗಿಲುಗಳನ್ನು ತಂದು ಸರಿ ಮಾಡುತ್ತೇನೆ. ಗಾಳಿಯ ತೇವದ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಶೆಡ್ಡಿನಲ್ಲಿ ಒಂದು ತೇವಮಾಪಕ ನೇತುಹಾಕಿ, ಜಾಸ್ತಿ ಬೆಲೆ ಏನಿಲ್ಲ. 65 ಶೇಕಡಾ ತೇವದ ಗಾಳಿಯಲ್ಲಿ ಮರದೊಳಗಿನ ನೀರು ಸುಮಾರು 12 ಶೇಕಡಾಕ್ಕೆ ಬಂದು ನಿಲ್ಲುತ್ತದೆ. ಗಾಳಿ 90 ತೋರಿಸುತ್ತಿದ್ದರೆ ಮರ 20ರ ತನಕ ಹೋಗುತ್ತದೆ. ಕಕ್ಕಡದ (ನಮ್ಮ ಕೊಡವ ತಿಂಗಳು, ಜುಲೈ-ಆಗಸ್ಟ್ ಹೊತ್ತು) ಮಳೆಯಲ್ಲಿ ನಾನು ಕೊಯ್ಯುವ, ಜೋಡಿಸುವ ಕೆಲಸ ಮಾತ್ರ ಇಟ್ಟುಕೊಳ್ಳುತ್ತೇನೆ, ಪಾಲಿಶ್ ಡಬ್ಬಿ ತೆಗೆಯುವುದೇ ಇಲ್ಲ. ಆಗ ಸ್ಪಿರಿಟ್ ಪಾಲಿಶ್ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ಸ್ಪಿರಿಟ್ ಆರುವಾಗ ಹಲಗೆ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುವುದರಿಂದ ಹಾಗಾಗುತ್ತದೆ. ಹಾಗೆ ಆದರೂ ಕೆರೆಯಬೇಡಿ. ಒಣ ದಿನ ನೋಡಿ, ಉಂಡೆಗೆ ಬರೀ ಸ್ಪಿರಿಟ್ ತುಸುವೇ ಹಾಕಿ ಮೇಲಿಂದ ಸವರಿದರೆ ಬಹಳ ಸಲ ಹೋಗುತ್ತದೆ. ಇದೇ ಕಾರಣಕ್ಕೆ ಅರಗು ಹಚ್ಚುವ ದಿನ ನೆಲಕ್ಕೆ ನೀರು ಚಿಮುಕಿಸಬೇಡಿ.

ನಿಮಗೆ ಏಪ್ರಿಲ್ ಕೊನೆಯವರೆಗೆ ಟೈಮ್ ಇದೆ ಅಲ್ವಾ? ಹಾಗಾದರೆ ಕಾಲಿನ ಕೆಲಸ ಈಗ ಮಾಡಿ. ಮೇಲಿನ ಹಲಗೆ ಕಣದ ಕೆಲಸ ಮುಗಿಯುವವರೆಗೆ ಕಾಯಲಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಒಂದೆರಡು ದಿನ ಬಿಸಿಲು ಬಂದ ಮೇಲೆ ನೋಡಿ, ರಸ್ತೆಯ ಕೆಂಪು ದೂಳು ನೆಲ ಹಿಡಿದಿರುತ್ತದೆ, ಗಾಳಿಯಲ್ಲಿ ಇನ್ನೂ ಮಳೆಗಾಲದ ತೇವ ಇರುವುದಿಲ್ಲ. ವರ್ಷದಲ್ಲಿ ನಮಗೆ ಸಿಗುವ ಒಳ್ಳೆ ಪಾಲಿಶ್ ದಿನಗಳು ಅವೇ. ಹೂಮಳೆ ತಡವಾದರೆ ಮಾತ್ರ ಕಾಯಬೇಡಿ, ಒಣಗುವ ಮೂರು ವಾರ ಕೈಯಲ್ಲಿ ಇರಲೇಬೇಕು.

ಮಾಸ್ಕ್ ಬಗ್ಗೆ ಯಾರೂ ಬರೆದಿಲ್ಲ. ಮರದ ಹುಡಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಹಳೇ ಬೀಟೆ ಅಣ್ಣ ಹೇಳಿದರಲ್ಲ, ಅರ್ಧ ದಿನ ತೇಲುವ ಸಣ್ಣ ದೂಳು ಅಂತ, ಮೇಜಿಗೆ ಏನೂ ಮಾಡದ ಆ ದೂಳೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಉಜ್ಜುವಾಗ ಎನ್95 ಹಾಕಿ. ಉಜ್ಜಿ ಮುಗಿದ ತಕ್ಷಣ ತೆಗೆಯಬೇಡಿ, ಶೆಡ್ಡಿನಿಂದ ಹೊರಗೆ ಬಂದ ಮೇಲೆ ತೆಗೆಯಿರಿ. ಟರ್ಪೆಂಟೈನ್, ಸ್ಪಿರಿಟ್ಟಿನ ಆವಿಗೆ ಎನ್95 ಆಗುವುದಿಲ್ಲ, ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇರೆ ಬರುತ್ತದೆ.

ಹಳೇ_ಬೀಟೆ (ಪೊನ್ನಂಪೇಟೆ):

ಹೂಮಳೆಯ ಮಾತು ನೂರಕ್ಕೆ ನೂರು ನಿಜ ಅಕ್ಕ. ನಾನೂ ದೊಡ್ಡ ಹಲಗೆಗಳನ್ನು ಆ ದಿನಗಳಿಗೇ ಇಟ್ಟುಕೊಳ್ಳುತ್ತೇನೆ.

ನಾಪೋಕ್ಲು ತಮ್ಮಾ, ಕೆಲಸ ಶುರು ಮಾಡುವ ಮೊದಲು ಒರೆಸುವ ಬಟ್ಟೆಯ ವಿಷಯ ತಿಳಿದಿರಲಿ. ಎಣ್ಣೆ ವಾರ್ನಿಷ್ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುತ್ತಾ ಒಣಗುತ್ತಾ ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಕಡ್ಡಿ ಗೀರಬೇಕು ಅಂತ ಇಲ್ಲ. ನಿಮ್ಮ ಶೆಡ್ಡಿನಲ್ಲಿ ಮರದ ಹುಡಿ, ಸುತ್ತ ಒಣ ತರಗೆಲೆ. ಪ್ರತಿ ಸಲ ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ಬಿಡಿಸಿ ಬೇಲಿಯ ಕಲ್ಲಿನ ಮೇಲೆ ಒಂಟಿ ಪದರವಾಗಿ ಹರಡಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಮುಳುಗಿಸಿಡಿ. ಗಟ್ಟಿಯಾಗಿ ಒಣಗಿದ ಮೇಲೆ ಬಿಸಾಡಿ.

ನಾಪೋಕ್ಲು_ಮರಗೆಲಸ:

ಅಣ್ಣ, ಅಕ್ಕ, ಇಬ್ಬರಿಗೂ ವಂದನೆ. ಈ ವಾರ ಮಾಡು ಜಾಡಿಸಿ ಕಾಲುಗಳಿಗೆ ಅರಗು ಶುರು ಮಾಡುತ್ತೇನೆ. ಮೇಲಿನ ಹಲಗೆಯನ್ನು 320ರಲ್ಲಿ ಉಜ್ಜಿ ಬಟ್ಟೆ ಹೊದಿಸಿ ಒಳಗಿನ ರೂಮಿನಲ್ಲಿ ಗೋಡೆಗೆ ಒರಗಿಸಿಡುತ್ತೇನೆ. ಮಾರ್ಚ್ ಮೂರನೇ ವಾರದವರೆಗೆ ಹೂಮಳೆಗೆ ಕಾಯುತ್ತೇನೆ. ಬರದಿದ್ದರೆ ಊಟದ ಬಿಡುವಿನಲ್ಲೇ ಹಚ್ಚುತ್ತೇನೆ. ಅರಗಿನ ಚಕ್ಕೆ ಮಡಿಕೇರಿಯಲ್ಲಿ ಸಿಗುತ್ತಾ, ಮೈಸೂರಿಗೇ ಹೋಗಬೇಕಾ, ಗೊತ್ತಿದ್ದವರು ತಿಳಿಸಿ.